ಐದೂವರೆಗೆ ಮುಂಚೆ ಹಾಕಿದ ಹಾಲು: ಒಂದು ಶೆಲ್ ಸ್ಕ್ರಿಪ್ಟಿನ ಪ್ರಕರಣ

ಇದು ಕಾಸರಗೋಡಿನ ಉತ್ತರ ಭಾಗದಲ್ಲಿ, ಕರ್ನಾಟಕದ ಗಡಿಗೆ ಹತ್ತಿರದ ಒಂದು ಹಾಲಿನ ಸೊಸೈಟಿಯಲ್ಲಿ ನಡೆದದ್ದು. ಊರಿನ ಹೆಸರು ಹೇಳುವುದಿಲ್ಲ. ಜನರ ಗುರುತು ಮರೆಸಿದ್ದೇನೆ, ತಾರೀಕುಗಳನ್ನೂ ಸ್ವಲ್ಪ ಹಿಂದೆಮುಂದೆ ಮಾಡಿದ್ದೇನೆ. ಗಂಟೆ, ನಿಮಿಷ ಮಾತ್ರ ಇದ್ದ ಹಾಗೇ ಇವೆ. ಇಡೀ ವಿಷಯ ನಿಂತಿರುವುದೇ ಆ ನಿಮಿಷಗಳ ಮೇಲೆ.

ನಾನು ಊರಲ್ಲೇ ಕೂತು ಸಾಫ್ಟ್‌ವೇರ್ ಕೆಲಸ ಮಾಡುವವನು. ಸೊಸೈಟಿಯ ಅಧ್ಯಕ್ಷರು ನನಗೆ ಶಾಲೆಯಲ್ಲಿ ಪಾಠ ಹೇಳಿದ ಮಾಷ್ಟ್ರು. ಅವರು ಕರೆದರು, ಹೋದೆ.

ಹಿನ್ನೆಲೆ

ಸೊಸೈಟಿಗೆ ಸುಮಾರು 140 ಮನೆಗಳಿಂದ ಹಾಲು ಬರುತ್ತದೆ. ಹೆಚ್ಚಿನವರದು ಒಂದೋ ಎರಡೋ ದನ. ಒಂದು ತೂಕದ ಮಿಷನ್, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಗಟ್ಟಿ ಅಂಶ) ಅಳೆಯುವ ಇನ್ನೊಂದು ಮಿಷನ್, ಪಕ್ಕದಲ್ಲಿ ಲಿನಕ್ಸ್ ಹಾಕಿದ ಹಳೆಯ ಕಂಪ್ಯೂಟರ್. ಹಾಲು ಸುರಿದ ಕೂಡಲೇ ಚೀಟಿ ಬರುತ್ತದೆ. ಅದರಲ್ಲಿ ಸದಸ್ಯರ ನಂಬರು, ತಾರೀಕು, ಗಂಟೆ, ಬೆಳಗ್ಗೆಯೋ ಸಂಜೆಯೋ, ಎಷ್ಟು ಲೀಟರ್, ಎಷ್ಟು ಫ್ಯಾಟ್ ಎಲ್ಲ ಇರುತ್ತದೆ.

ಹತ್ತು ದಿನಕ್ಕೊಮ್ಮೆ ದುಡ್ಡು. 1ರಿಂದ 10 ಒಂದು ಬಿಲ್ಲು, 11ರಿಂದ 20 ಇನ್ನೊಂದು, 21ರಿಂದ ತಿಂಗಳ ಕೊನೆಯವರೆಗೆ ಮತ್ತೊಂದು. ಕೊನೆಯ ದಿನ ಸಂಜೆಯ ಹಾಲು ಮುಗಿದ ಮೇಲೆ ರಾತ್ರಿ 8ಕ್ಕೆ ಬಿಲ್ಲು ತನ್ನಷ್ಟಕ್ಕೆ ತಯಾರಾಗಿ ಬ್ಯಾಂಕಿಗೆ ಪಟ್ಟಿ ಹೋಗುತ್ತದೆ.

ಇದನ್ನೆಲ್ಲ ನಡೆಸುವುದು ಎರಡು ಶೆಲ್ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರ್ ಒಂದಾದ ಮೇಲೊಂದು ಓಡಿಸುವ ಕಮಾಂಡುಗಳನ್ನು ಬರೆದಿಟ್ಟ ಫೈಲು. ಊರಿನ ಒಬ್ಬ ಕಾಲೇಜು ಹುಡುಗ ಬರೆದದ್ದು. ಮೊದಲನೆಯದು ಸೊಸೈಟಿಯ ಕಂಪ್ಯೂಟರಿನಲ್ಲಿದೆ. ಮಿಷನ್ ಕೊಡುವ ಸಾಲನ್ನು ಅದು ಓದಿ, ತಾರೀಕು ಮತ್ತು ಗಂಟೆಯನ್ನು ಸೆಕೆಂಡುಗಳ ಒಂದು ಉದ್ದ ಸಂಖ್ಯೆಗೆ ತಿರುಗಿಸಿ ಕಳಿಸುತ್ತದೆ. 1970ರ ಜನವರಿ 1ರ ಮಧ್ಯರಾತ್ರಿಯಿಂದ ಇಲ್ಲಿಯವರೆಗೆ ಎಷ್ಟು ಸೆಕೆಂಡು ಕಳೆಯಿತು ಅನ್ನುವ ಲೆಕ್ಕ ಅದು. ಆ ಮಧ್ಯರಾತ್ರಿ ನಮ್ಮದಲ್ಲ, ಯುಟಿಸಿಯದು, ಅಂದರೆ ಇಡೀ ಲೋಕ ಆಧಾರಕ್ಕೆ ಇಟ್ಟುಕೊಂಡ ಸಮಯದ್ದು. ಎರಡನೆಯ ಸ್ಕ್ರಿಪ್ಟ್ ಇರುವುದು ಬಾಡಿಗೆಗೆ ತಗೊಂಡ ಸರ್ವರ್‌ನಲ್ಲಿ. ಅದು ಸೆಕೆಂಡುಗಳನ್ನು ಪುನಃ ತಾರೀಕಾಗಿ ತಿರುಗಿಸಿ, ಸದಸ್ಯರ ಖಾತೆಗೆ ಸೇರಿಸಿ, ಬಿಲ್ಲು ಮಾಡುತ್ತದೆ. ಎರಡೂ ಕಡೆ ಕೆಲಸ ಮಾಡುವುದು ತಾರೀಕು ಓದಿ ತಿರುಗಿಸುವ ಒಂದೇ ಡೇಟ್ ಕಮಾಂಡ್.

ಹುಡುಗ ಒಂದು ಒಳ್ಳೆಯ ಕೆಲಸ ಮಾಡಿದ್ದ. ಮಿಷನ್ ಕೊಟ್ಟ ಮೂಲ ಸಾಲನ್ನು ಒಂದಕ್ಷರ ಬದಲಾಯಿಸದೆ ದಿನಕ್ಕೊಂದು ಫೈಲಿನಲ್ಲಿ ಇಟ್ಟಿದ್ದ. ಅದು ಇಲ್ಲದಿದ್ದರೆ ಈ ಪ್ರಕರಣ ಅರ್ಧದಲ್ಲೇ ನಿಲ್ಲುತ್ತಿತ್ತು.

ಅಕ್ಕನ ದೂರು

ದೂರು ತಂದವರು ಅರವತ್ತು ದಾಟಿದ ಒಬ್ಬರು ಅಕ್ಕ. ಮನೆ ಗುಡ್ಡದ ಆಚೆ. ತೋಡಿನ ಸಂಕ ದಾಟಿ, ಟಾರ್ಚ್ ಹಿಡಿದು, ಎಲ್ಲರಿಗಿಂತ ಮುಂಚೆ ಬರುತ್ತಾರೆ. ಹಾಲು ಕೊಟ್ಟು ಅಡಿಕೆ ತೋಟದ ಕೆಲಸಕ್ಕೆ ಹೋಗಬೇಕು. ಪೇಟೆಯ ಹೋಟೆಲುಗಳಿಗೆ ಹಾಲು ಒಯ್ಯುವ ಗಾಡಿ ಬೇಗ ಹೊರಡುವುದರಿಂದ ಸೊಸೈಟಿಯೂ 5:15ಕ್ಕೆ ಬಾಗಿಲು ತೆರೆಯುತ್ತದೆ.

“ಹತ್ತನೇ ತಾರೀಕು ಬೆಳಗ್ಗೆಯ ಹಾಲು ಬಿಲ್ಲಲ್ಲಿ ಇಲ್ಲ” ಅಂತ ಅವರು ಹೇಳಿದ್ದು ಅದೇ ಮೊದಲಲ್ಲ. ಮೂರು ಸಲ ಹೇಳಿದ್ದರು. ಸೆಕ್ರೆಟ್ರಿ ಬಿಲ್ಲು ತೆಗೆದು ನೋಡಿದರು. ಹತ್ತನೇ ತಾರೀಕಿನ ಬೆಳಗ್ಗೆ ಖಾಲಿ. “ಅವತ್ತು ನೀವು ಬಂದಿರಲಿಕ್ಕಿಲ್ಲ ಅಕ್ಕಾ” ಅಂದರು. ಅವರನ್ನು ದೂರುವ ಹಾಗಿಲ್ಲ. ಎದುರಿಗೆ ಕಂಪ್ಯೂಟರಿನ ಕಾಗದ ಇದೆ. ಚೀಟಿ ತನ್ನಿ ಅಂದರೆ ಅಕ್ಕನ ಹತ್ತಿರ ಅದೂ ಇಲ್ಲ. ಬಿಸಿಗೆ ಅಚ್ಚಾಗುವ ಕಾಗದ ಅದು, ಸ್ವಲ್ಪ ದಿನದಲ್ಲೇ ಮಾಸಿ ಬೆಳ್ಳಗಾಗುತ್ತದೆ.

ಅಕ್ಕ ಜಗಳ ಮಾಡಲಿಲ್ಲ. ಮಾಷ್ಟ್ರ ಮನೆಗೆ ಹೋಗಿ, “ನಾನು ಸುಮ್ನೆ ಹೇಳುವವಳಲ್ಲ ಅಂತ ನಿಮಗೆ ಗೊತ್ತುಂಟಲ್ಲ” ಅಂದರಂತೆ. ಮಾಷ್ಟ್ರು ನನಗೆ ಫೋನ್ ಮಾಡಿದ್ದು ಆ ಮಾತಿಗೆ.

ಮೊದಲ ಊಹೆ, ಮತ್ತು ಒಂದು ಸುಲಭದ ದಾರಿ

ನಾನು ಸರ್ವರ್‌ನ ಖಾತೆ ತೆರೆದು ನೋಡಿದಾಗ ಒಂದು ವಿಚಿತ್ರ ಕಂಡಿತು. ಬಿಲ್ಲಿನಲ್ಲಿ ಇಲ್ಲದ ಹತ್ತನೇ ತಾರೀಕಿನ ಬೆಳಗ್ಗೆಯ ಹಾಲು ಖಾತೆಯಲ್ಲಿ ಇತ್ತು! ಬಿಲ್ಲು ಆದ ಮೇಲೆ ಬಂದು ಸೇರಿದೆ. ಸೇರಿದ ಮೇಲೆ ಅದನ್ನು ಕೇಳುವವರಿಲ್ಲ. ಮುಂದಿನ ಬಿಲ್ಲು 11ರಿಂದ ಶುರುವಾಗುತ್ತದೆ, ಹಿಂದಿನದು ಮುಚ್ಚಿದೆ. ಆ ನಾಲ್ಕೂವರೆ ಲೀಟರ್ ಹಾಲು ಅಲ್ಲೂ ಇಲ್ಲ, ಇಲ್ಲೂ ಇಲ್ಲ.

ನೆಟ್ ನಿಧಾನ ಇರಬೇಕು ಅಂದುಕೊಂಡೆವು. ನಮ್ಮ ಕಡೆ ಕರೆಂಟ್ ಹೋದರೆ ನೆಟ್ಟೂ ಹೋಗುತ್ತದೆ, ಇದು ಹೊಸದಲ್ಲ. ಬಿಲ್ಲಿನ ಸಮಯವನ್ನು ರಾತ್ರಿ 8ರಿಂದ 11:30ಕ್ಕೆ ಹಾಕಿದೆವು. 20ನೇ ತಾರೀಕಿಗೆ ಕಾದೆವು. ಆ ರಾತ್ರಿಯ ಬಿಲ್ಲಿನಲ್ಲೂ ಅಕ್ಕನ 20ರ ಬೆಳಗ್ಗೆ ಖಾಲಿ. ಮರುದಿನ ನೋಡಿದರೆ ಖಾತೆಯಲ್ಲಿ ಹಾಜರು.

ಆಗ ಸೆಕ್ರೆಟ್ರಿ ಹೇಳಿದರು: “ಬಿಲ್ಲನ್ನು ಮರುದಿನ ಬೆಳಗ್ಗೆ 9ಕ್ಕೆ ಮಾಡುವ. ಅಷ್ಟೊತ್ತಿಗೆ ಬಂದಿರ್ತದಲ್ಲ.”

ಈ ಪ್ರಕರಣದಲ್ಲಿ ನಾನು ಅತಿ ಹೆಚ್ಚು ಯೋಚಿಸುವುದು ಈ ಕ್ಷಣದ ಬಗ್ಗೆ. ಹಾಗೆ ಮಾಡಿದ್ದರೆ ದೂರು ಅವತ್ತೇ ಮುಗಿಯುತ್ತಿತ್ತು. ಬಿಲ್ಲಿನಲ್ಲಿ ಹತ್ತು ಬೆಳಗ್ಗೆಯೂ ತುಂಬಿರುತ್ತಿತ್ತು. ಅಕ್ಕನಿಗೂ ಸಮಾಧಾನ, ಸೆಕ್ರೆಟ್ರಿಗೂ ಸಮಾಧಾನ. ಆದರೆ ಆ ಹತ್ತು ಬೆಳಗ್ಗೆಗಳು ಯಾವ ಹತ್ತು ಅಂತ ಯಾರೂ ಕೇಳುತ್ತಿರಲಿಲ್ಲ. ನನಗೆ ಒಂದು ಪ್ರಶ್ನೆ ಮಾತ್ರ ಬಿಡಲಿಲ್ಲ. ಬೆಳಗ್ಗೆ ಐದು ಗಂಟೆ ಹೊತ್ತಿಗೆ ಹಾಕಿದ ಹಾಲಿನ ಸಾಲು ರಾತ್ರಿ ಹನ್ನೊಂದೂವರೆಯಾದರೂ ಯಾಕೆ ತಲುಪುವುದಿಲ್ಲ? ಅದೇ ದಿನ ಆರು ಗಂಟೆಗೆ ಹಾಕಿದವರದು ಆರೂಕಾಲರೊಳಗೆ ತಲುಪಿದೆಯಲ್ಲ? ಇದಕ್ಕೆ ಉತ್ತರ ಸಿಗದೆ ಬಿಲ್ಲಿನ ಸಮಯ ಮುಟ್ಟುವುದು ಬೇಡ ಅಂದೆ. ಮಾಷ್ಟ್ರು ಒಪ್ಪಿದರು.

ಗೋಡೆಯ ಕ್ಯಾಲೆಂಡರ್

ಅಕ್ಕನ ಮನೆಗೆ ಹೋದೆ. ಹಟ್ಟಿಯ ಪಕ್ಕದ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ನೇತಾಡುತ್ತಿತ್ತು. ಪ್ರತಿ ಚೌಕದಲ್ಲಿ ಎರಡು ಅಂಕೆ, ಮೇಲೆ ಬೆಳಗ್ಗೆಯದು, ಕೆಳಗೆ ಸಂಜೆಯದು. ಹಾಲು ಕೊಟ್ಟು ಬಂದು ಕ್ಯಾನ್ ತೊಳೆಯುವ ಮೊದಲು ಬರೆದಿಡುತ್ತಾರಂತೆ. ಪೆನ್ನಿನ ಶಾಯಿ ಕೆಲವು ಕಡೆ ಹಾಲು ತಾಗಿ ಹರಡಿದೆ. ಆದರೂ ಓದಬಹುದು. ಒಂದು ಚೌಕವೂ ಖಾಲಿ ಇಲ್ಲ.

ಜೂನ್ ಪುಟದ ಪಕ್ಕ ಸರ್ವರ್‌ನ ಪಟ್ಟಿ ಹಿಡಿದು ಒಂದೊಂದೇ ಓದಿದೆ. 4ನೇ ತಾರೀಕು ಬೆಳಗ್ಗೆ ಕ್ಯಾಲೆಂಡರಿನಲ್ಲಿ 4.5. ಸರ್ವರ್‌ನಲ್ಲಿ 9. ಅದರ ಹಿಂದಿನ ದಿನ, 3ನೇ ತಾರೀಕು, ಕ್ಯಾಲೆಂಡರಿನಲ್ಲಿ 4.5. ಸರ್ವರ್‌ನಲ್ಲಿ ಸೊನ್ನೆ.

ಜೋರಾಗಿ ಓದಿಬಿಟ್ಟಿದ್ದೆ. ಅಕ್ಕ ಕೇಳಿದರು: “ದನ ಒಂದು ದಿನ ಸೊನ್ನೆ ಕೊಟ್ಟು ಮರುದಿನ ಒಂಬತ್ತು ಲೀಟರ್ ಕೊಡ್ತದಾ ಮಗಾ?”

ನಾಲ್ಕನೇ ತಾರೀಕು ಏನಾಯಿತು ಅಂತ ಕೇಳಿದೆ. ಅವರಿಗೆ ನೆನಪಿತ್ತು. ದನ ಹಗ್ಗ ಬಿಡಿಸಿಕೊಂಡು ತೋಟಕ್ಕೆ ನುಗ್ಗಿತ್ತು, ಹಿಡಿದು ತಂದು ಕರೆಯುವಾಗ ತಡ ಆಯಿತು. ಮೂರನೇ ಮತ್ತು ಐದನೇ ತಾರೀಕು ಎಂದಿನ ಹಾಗೆ ಬೇಗ ಹೋಗಿದ್ದರು.

ಸೊಸೈಟಿಗೆ ವಾಪಸ್ ಬಂದು ಮೂಲ ಫೈಲು ತೆಗೆದೆ. ನಾಲ್ಕಕ್ಕೆ 5:41. ಐದಕ್ಕೆ 5:20:14. ಆ ಐದನೇ ತಾರೀಕಿನ ಸಾಲು ಸೆಕೆಂಡಿಗೆ ತಿರುಗಿ 1685922614 ಆಗಿ ಹೋಗಿದೆ. ಸರಿಯಾದ ಸಂಖ್ಯೆಯೇ. ಸರ್ವರ್‌ನಲ್ಲಿ ಅದನ್ನು ಕೈಯಾರೆ ತಿರುಗಿಸಿ ನೋಡಿದೆ. ಬಂದದ್ದು ಜೂನ್ 4, ರಾತ್ರಿ 11:50:14.

ಅಷ್ಟೇ. ಸರ್ವರ್‌ನ ಗಡಿಯಾರ ಯುಟಿಸಿಯಲ್ಲಿತ್ತು. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಬೆಳಗ್ಗೆ 5:30ಕ್ಕೆ ಮುಂಚೆ ಹಾಕಿದ ಹಾಲು ಸರ್ವರ್‌ಗೆ ಹಿಂದಿನ ದಿನದ್ದು. ಸರ್ವರ್ ಮುಂಬೈಯಲ್ಲೇ ಇತ್ತು, ಆದರೆ ಯಂತ್ರ ಎಲ್ಲಿದೆ ಅನ್ನುವುದಕ್ಕೂ ಅದರ ಗಡಿಯಾರ ಯಾವುದು ಅನ್ನುವುದಕ್ಕೂ ಸಂಬಂಧ ಇಲ್ಲ. ಬಾಡಿಗೆ ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿಯಲ್ಲೇ ಬರುತ್ತವೆ.

ಖಚಿತ ಮಾಡಿಕೊಳ್ಳಲು ಎಲ್ಲ ಸದಸ್ಯರ ಮೂಲ ಸಾಲುಗಳನ್ನು ಸರ್ವರ್‌ನ ತಾರೀಕಿನ ಜೊತೆ ಹೋಲಿಸಿ, ತಪ್ಪಿದ್ದನ್ನು ಮಾತ್ರ ಗಂಟೆಯ ಪ್ರಕಾರ ಜೋಡಿಸಿದೆ. ತಪ್ಪು ಬಂದವು ಎಲ್ಲ 5:30ರ ಒಳಗೆ. 5:30:07ಕ್ಕೆ ಹಾಕಿದ ಒಬ್ಬರದು ಸರಿ ಇತ್ತು. ಅಳತೆಗೋಲು ಇಟ್ಟು ಗೆರೆ ಎಳೆದ ಹಾಗೆ.

ಎಲ್ಲ ಸೇರಿದರೆ ಚಿತ್ರ ಹೀಗೆ. ಅಕ್ಕ 11ನೇ ತಾರೀಕು ಬೆಳಗ್ಗೆ 5:20ಕ್ಕೆ ಹಾಕಿದ ಹಾಲಿಗೆ 10ನೇ ತಾರೀಕಿನ ಗುರುತು ಬೀಳುತ್ತದೆ. 10ರ ಬಿಲ್ಲು ಹಿಂದಿನ ರಾತ್ರಿಯೇ ಮುಗಿದಿದೆ. ಅವರು ‘10ರದು ಕಾಣೆಯಾಗಿದೆ’ ಅನ್ನುತ್ತಿದ್ದರು. ನಿಜವಾಗಿ 10ರ ಹಾಲು 9ರ ಹೆಸರಲ್ಲಿ ಸೇರಿತ್ತು, ದುಡ್ಡು ಸಿಗದೆ ಹೋದದ್ದು ಪ್ರತಿ ಬಿಲ್ಲಿನ ಮೊದಲ ದಿನದ ಹಾಲಿಗೆ. ಸೆಕ್ರೆಟ್ರಿ ಹೇಳಿದ ಹಾಗೆ ಬಿಲ್ಲನ್ನು ಬೆಳಗ್ಗೆ 9ಕ್ಕೆ ಮಾಡಿದ್ದರೆ 11ರ ಹಾಲು 10ರ ಬಿಲ್ಲಿಗೆ ಸೇರಿ ಲೆಕ್ಕ ತುಂಬಿದ ಹಾಗೆ ಕಾಣುತ್ತಿತ್ತು.

ಪಂಚಾಂಗಕ್ಕೆ ದಿನ ಶುರುವಾಗುವುದು ಸೂರ್ಯ ಹುಟ್ಟಿದ ಮೇಲೆ. ಗೋಡೆ ಗಡಿಯಾರಕ್ಕೆ ಮಧ್ಯರಾತ್ರಿ. ನಮ್ಮ ಸರ್ವರ್‌ಗೆ ಐದೂವರೆಗೆ. ಈ ಮೂರರಲ್ಲಿ ಸೊಸೈಟಿಯ ದಿನ ಯಾವುದು ಅಂತ ಸ್ಕ್ರಿಪ್ಟಿನಲ್ಲಿ ಎಲ್ಲೂ ಬರೆದಿರಲಿಲ್ಲ.

ರಿಪೇರಿ, ಎರಡು ಸಲ

ಮೊದಲ ರಿಪೇರಿ ಹುಡುಗ ಮಾಡಿದ. ಐದೂವರೆ ಗಂಟೆ ಅಂದರೆ 19800 ಸೆಕೆಂಡು. ಕಳಿಸುವ ಮೊದಲೇ ಅಷ್ಟನ್ನು ಕೂಡಿಸಿಬಿಟ್ಟ. ಸರ್ವರ್‌ನಲ್ಲಿ ತಾರೀಕು ಸರಿಯಾಯಿತು. ನನಗೆ ಮನಸ್ಸಿರಲಿಲ್ಲ, ಆದರೂ ಎರಡು ದಿನ ನೋಡುವ ಅಂದೆ. ಮೂರನೇ ದಿನ ಯಾರೋ ಚೀಟಿ ಕಳೆದುಕೊಂಡು ಇನ್ನೊಂದು ಕೇಳಿದರು. ಆ ಚೀಟಿ ಸರ್ವರ್‌ನ ಸೆಕೆಂಡಿನಿಂದ ಸೊಸೈಟಿಯ ಕಂಪ್ಯೂಟರಿನಲ್ಲಿ ಅಚ್ಚಾಗುತ್ತದೆ. ಆ ಕಂಪ್ಯೂಟರಿನ ಗಡಿಯಾರ ಮೊದಲೇ ನಮ್ಮ ಸಮಯದಲ್ಲಿದೆ. ಸಂಜೆ 4:10ಕ್ಕೆ ಹಾಕಿದ ಹಾಲಿಗೆ ರಾತ್ರಿ 9:40 ಅಂತ ಬಂತು. ಕೂಡಿಸಿದ ಸೆಕೆಂಡು ಯಾವ ಗಡಿಯಾರದ್ದೂ ಅಲ್ಲದ ಸಂಖ್ಯೆಯಾಗಿತ್ತು. ಅದನ್ನು ತೆಗೆದೆವು.

ಸೆಕೆಂಡುಗಳ ಸಂಖ್ಯೆ ಇಡೀ ಲೋಕಕ್ಕೆ ಒಂದೇ. ಅದನ್ನು ತಿದ್ದಬಾರದು. ತಾರೀಕಾಗಿ ಬಿಡಿಸುವಾಗ ಯಾವ ಊರಿನ ಗಡಿಯಾರದಲ್ಲಿ ಬಿಡಿಸಬೇಕು ಅಂತ ಹೇಳಬೇಕು. ಅದಕ್ಕೆ ಟಿಝೆಡ್ ಅನ್ನುವ ಎರಡಕ್ಷರದ ವೇರಿಯಬಲ್ ಇದೆ. ಡೇಟ್ ಕಮಾಂಡಿನ ಮುಂದೆ, ಅದೇ ಸಾಲಿನಲ್ಲಿ, ಟಿಝೆಡ್‌ಗೆ ಏಷ್ಯಾ/ಕೋಲ್ಕತಾ ಅಂತ ಕೊಟ್ಟೆವು. ಇಡೀ ಸರ್ವರ್‌ನ ಗಡಿಯಾರವನ್ನೇ ಬದಲಾಯಿಸಬಹುದಿತ್ತು. ಬೇಡ ಅಂತ ತೀರ್ಮಾನಿಸಿದೆವು. ನಾಳೆ ಬೇರೆ ಸರ್ವರ್‌ಗೆ ಹೋದರೆ ಈ ಸಂಗತಿ ಯಾರಿಗೂ ನೆನಪಿರುವುದಿಲ್ಲ. ಸ್ಕ್ರಿಪ್ಟಿನ ಒಳಗೇ ಇದ್ದರೆ ಅದರ ಜೊತೆಗೇ ಹೋಗುತ್ತದೆ.

ಇಲ್ಲೊಂದು ಹೊಂಡ ಇದೆ, ಗೊತ್ತಿರಲಿ. ಟಿಝೆಡ್‌ನಲ್ಲಿ ಊರಿನ ಹೆಸರು ತಪ್ಪಾಗಿ ಬರೆದರೆ ಲಿನಕ್ಸಿನ ಡೇಟ್ ತಪ್ಪು ಅಂತ ಹೇಳುವುದಿಲ್ಲ. ಸುಮ್ಮನೆ ಯುಟಿಸಿ ಕೊಡುತ್ತದೆ. ಏಷ್ಯಾ/ಕಾಸರಗೋಡು ಅಂತ ಕೊಟ್ಟು ನೋಡಿದೆ, ಹಾಗೇ ಆಯಿತು. ಸಮಯ ವಲಯಗಳ ಫೈಲುಗಳೇ ಇಲ್ಲದ ಸಣ್ಣ ಕಂಟೇನರ್‌ಗಳಲ್ಲಿ (ಬೇಕಾದಷ್ಟೇ ಸಾಮಾನು ತುಂಬಿದ ಪುಟ್ಟ ಲಿನಕ್ಸ್ ಪೆಟ್ಟಿಗೆಗಳು) ಹೆಸರು ಸರಿ ಇದ್ದರೂ ಇದೇ ಗತಿ. ಹಾಗಾಗಿ ಸ್ಕ್ರಿಪ್ಟಿನ ಮೊದಲಿಗೇ ಒಂದು ಪರೀಕ್ಷೆ ಇಟ್ಟೆವು. ಯುಟಿಸಿಗಿಂತ ಎಷ್ಟು ಮುಂದೆ ಅಂತ ಡೇಟ್‌ಗೆ ಶೇಕಡಾ ಗುರುತಿನ ಜೊತೆ ಸಣ್ಣ ಝೆಡ್ ಕೊಟ್ಟು ಕೇಳಿದರೆ +0530 ಬರಬೇಕು. ಬಾರದಿದ್ದರೆ ಸ್ಕ್ರಿಪ್ಟ್ ಮುಂದೆ ಹೋಗದೆ ಅಲ್ಲೇ ನಿಲ್ಲಬೇಕು.

ಇನ್ನೊಂದನ್ನೂ ಸೇರಿಸಿದೆವು. ಪ್ರತಿ ರಾತ್ರಿ ಮೂಲ ಫೈಲಿನ ಅವತ್ತಿನ ಒಟ್ಟು ಲೀಟರ್ ಮತ್ತು ಸರ್ವರ್‌ನಲ್ಲಿ ಅವತ್ತಿನ ತಾರೀಕಿಗೆ ಬಿದ್ದ ಒಟ್ಟು ಲೀಟರ್ ಹೋಲಿಸಿ ಸೆಕ್ರೆಟ್ರಿಯ ಫೋನಿಗೆ ಒಂದು ಸಾಲು ಕಳಿಸುವುದು. ಹತ್ತು ನಿಮಿಷದ ಕೆಲಸ. ನಾಲ್ಕು ತಿಂಗಳ ಮೇಲೆ ನಮ್ಮನ್ನು ಕಾಪಾಡಿದ್ದು ಅದೇ.

ಬಾಕಿ

ಸರ್ವರ್‌ಗೆ ಹೋಗಿ 14 ತಿಂಗಳಾಗಿತ್ತು. ಅಂದರೆ 42 ಬಿಲ್ಲು. ಮೂಲ ಫೈಲುಗಳನ್ನು ಮೊದಲಿಂದ ಓಡಿಸಿದಾಗ ಮೂರು ಮನೆಯವರ ಹಾಲು ಬಿಟ್ಟುಹೋದದ್ದು ಸಿಕ್ಕಿತು. ಅಕ್ಕನದು 27 ಬೆಳಗ್ಗೆ, ಇನ್ನಿಬ್ಬರದು 11 ಮತ್ತು 6. ಅಕ್ಕನದು ಮಾತ್ರ ಹೆಚ್ಚುಕಡಿಮೆ 120 ಲೀಟರ್. ಆ ದುಡ್ಡಿಗೆ ಮೂರು ಚೀಲ ಹಿಂಡಿ ಬರುತ್ತದೆ. ಒಂದೇ ದನ ಇರುವ ಮನೆಗೆ ಅದು ಸಣ್ಣದಲ್ಲ.

ಕಮಿಟಿಯಲ್ಲಿ ಒಬ್ಬರು, ಹಳೆಯ ಲೆಕ್ಕ ಮುಚ್ಚಿ ಆಗಿದೆ, ಈಗ ಅಗೆಯುವುದು ಬೇಡ ಅಂದರು. ಮಾಷ್ಟ್ರು ಮೂಲ ಫೈಲಿನ ಪ್ರಿಂಟ್ ಮತ್ತು ಕ್ಯಾಲೆಂಡರಿನ ಪುಟಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. 27ರಲ್ಲಿ 27 ಸರಿ ಹೊಂದಿತು. ಮುಂದಿನ ಬಿಲ್ಲಿನಲ್ಲೇ ಮೂವರಿಗೂ ಬಾಕಿ ಕೊಟ್ಟರು. ಸೆಕ್ರೆಟ್ರಿ ತಾವಾಗಿಯೇ ಅಕ್ಕನ ಮನೆಗೆ ಹೋಗಿ ಹೇಳಿ ಬಂದರು. ಅದನ್ನು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಅಕ್ಟೋಬರ್: ಓರೆ ಗೆರೆಯ ತಾರೀಕು

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆವು. ಅಕ್ಟೋಬರಿನಲ್ಲಿ ಸಂಜೆ ಹೊತ್ತಿನ ಸಿಡಿಲಿಗೆ ಮಿಷನ್ ಮತ್ತು ಕಂಪ್ಯೂಟರ್ ಎರಡೂ ಹೋದವು. 19ನೇ ತಾರೀಕು ಹೊಸ ಮಿಷನ್ ಬಂತು. ಹಳೆಯದು ತಾರೀಕನ್ನು 2023-10-18 ಅಂತ ಕೊಡುತ್ತಿತ್ತು. ಹೊಸದು 19/10/2023 ಅಂತ ಕೊಟ್ಟಿತು. ನಾವೆಲ್ಲ ಬರೆಯುವುದೂ ಹಾಗೇ ಅಲ್ವಾ, ದಿನ ಮೊದಲು, ತಿಂಗಳು ಆಮೇಲೆ.

ಲಿನಕ್ಸಿನ ಡೇಟ್ ಕಮಾಂಡ್ ಹಾಗೆ ಓದುವುದಿಲ್ಲ. ಓರೆ ಗೆರೆ ಕಂಡರೆ ಅದು ಅಮೆರಿಕದ ಕ್ರಮದಲ್ಲಿ ಓದುತ್ತದೆ, ತಿಂಗಳು ಮೊದಲು. 19/10 ಅಂದರೆ ಅದಕ್ಕೆ ಹತ್ತೊಂಬತ್ತನೇ ತಿಂಗಳು. ‘ತಾರೀಕು ಸರಿ ಇಲ್ಲ’ ಅಂತ ನಿಂತುಬಿಟ್ಟಿತು. ಹುಡುಗನಿಗೆ ಪರೀಕ್ಷೆ ಸಮಯ. ಇಪ್ಪತ್ತು ಜನ ಕ್ಯಾನ್ ಹಿಡಿದು ಸಾಲಿನಲ್ಲಿದ್ದಾರೆ. ಅವನು ಫೋನಿನಲ್ಲೇ ಒಂದು ಉಪಾಯ ಹೇಳಿದ: ತಾರೀಕು ಓದಲಾಗದಿದ್ದರೆ ಈಗಿನ ಸಮಯ ಹಾಕು. ಹಾಲು ಹಾಕಿದ ಕೂಡಲೇ ಸ್ಕ್ರಿಪ್ಟ್ ಓಡುವುದರಿಂದ ಈಗಿನ ಸಮಯ ಅಂದರೆ ಹಾಲಿನ ಸಮಯವೇ. 31ರವರೆಗೆ ಹೆಚ್ಚು ತೊಂದರೆ ಆಗಲಿಲ್ಲ. ನೆಟ್ ಇಲ್ಲದೆ ಮರುದಿನ ಕಳಿಸಿದ ಒಂದು ಸಂಜೆಯ ಹಾಲು ಮರುದಿನಕ್ಕೆ ಹೋಯಿತು. ರಾತ್ರಿಯ ಸಾಲು ಅದನ್ನು ತೋರಿಸಿತು, ಕೈಯಾರೆ ಸರಿ ಮಾಡಿದರು.

ನವೆಂಬರ್ 1. ನಮ್ಮ ಕಡೆ ಅವತ್ತು ಎರಡು ಹಬ್ಬ, ರಾಜ್ಯೋತ್ಸವವೂ ಹೌದು, ಕೇರಳ ಹುಟ್ಟಿದ ದಿನವೂ ಹೌದು. ರಾತ್ರಿ ಸೆಕ್ರೆಟ್ರಿಯ ಫೋನಿಗೆ ಬಂದ ಸಾಲಿನಲ್ಲಿ ಮೂಲ ಫೈಲಿನ ಒಟ್ಟು ಎಂದಿನಷ್ಟೇ ಇತ್ತು, ಸರ್ವರ್‌ನ ಒಟ್ಟು ಸೊನ್ನೆ. ಅವರು ನನಗೆ ಆಗಲೇ ಫೋನ್ ಮಾಡಿದರು.

01/11/2023. ಡೇಟ್ ಕಮಾಂಡ್ ಅದನ್ನು ಜನವರಿ 11 ಅಂತ ಓದಿತ್ತು. ತಪ್ಪು ಅಂತ ಹೇಳಲಿಲ್ಲ, ನಿಲ್ಲಲಿಲ್ಲ. ಇಡೀ ಊರಿನ ಹಾಲು ಹತ್ತು ತಿಂಗಳು ಹಿಂದೆ ಹೋಗಿ ಕೂತಿತ್ತು.

ಈ ತಪ್ಪಿನ ಸ್ವಭಾವ ನೋಡಿ. ತಿಂಗಳಿನ 13ರಿಂದ ಕೊನೆಯವರೆಗೆ ಅದು ಕೂಗಿ ಹೇಳುತ್ತದೆ. 1ರಿಂದ 12ರವರೆಗೆ ಬಾಯಿ ಮುಚ್ಚಿಕೊಂಡು ತಪ್ಪು ಮಾಡುತ್ತದೆ. ದಿನ, ತಿಂಗಳು ಒಂದೇ ಆದ ದಿನ ಮಾತ್ರ, ನವೆಂಬರಿನಲ್ಲಿ 11/11ಕ್ಕೆ, ಸರಿಯಾಗಿ ಓದುತ್ತದೆ. ಕೂಗಿ ಹೇಳುತ್ತಿದ್ದ ದಿನಗಳಲ್ಲಿ ನಾವು ಅದರ ಬಾಯಿ ಕಟ್ಟಿದೆವು. ಹೊಸ ಮಿಷನ್ ತಿಂಗಳಿನ ಮೊದಲ ವಾರ ಬಂದಿದ್ದರೆ ಮೊದಲ ದಿನವೇ ಸುಮ್ಮನೆ ತಪ್ಪು ಓದುತ್ತಿತ್ತು. 19ಕ್ಕೆ ಬಂದು ನಮಗೆ ಎಚ್ಚರಿಕೆ ಕೊಟ್ಟಿತ್ತು, ಅದನ್ನು ತೆಗೆದುಕೊಳ್ಳಲಿಲ್ಲ. ‘ಓದಲಾಗದಿದ್ದರೆ ಇವತ್ತಿನ ತಾರೀಕು’ ಅನ್ನುವ ಸಾಲನ್ನು ಯಾವ ಸ್ಕ್ರಿಪ್ಟಿನಲ್ಲಿ ಕಂಡರೂ ಈಗ ನಾನು ಮೊದಲು ಅದನ್ನೇ ತೆಗೆಯುತ್ತೇನೆ. ಡೇಟ್ ಕಮಾಂಡೇ ತಾನಾಗಿ ಹೀಗೆ ಮಾಡುವುದೂ ಉಂಟು. ಓದಬೇಕಾದ ತಾರೀಕನ್ನು ಕೊಡುವ ಮೈನಸ್ ಡಿಗೆ ಏನೂ ಬರೆಯದ ಖಾಲಿ ಸ್ಟ್ರಿಂಗ್ ಕೊಟ್ಟರೆ ತಪ್ಪು ಅನ್ನುವುದಿಲ್ಲ, ಇವತ್ತಿನ ಮಧ್ಯರಾತ್ರಿ ಕೊಡುತ್ತದೆ.

ಆ ರಾತ್ರಿಯೇ ಬರೆದ ತಿದ್ದುಪಡಿ ಸರಳ. ನಮ್ಮ ಸ್ಕ್ರಿಪ್ಟುಗಳನ್ನು ಓಡಿಸುವ ಶೆಲ್ ಆದ ಬ್ಯಾಷ್‌ನ ರೀಡ್ ಕಮಾಂಡಿಗೆ ಓರೆ ಗೆರೆಯಲ್ಲಿ ಕತ್ತರಿಸಲು ಹೇಳಿ, ದಿನ, ತಿಂಗಳು, ವರ್ಷ ಅಂತ ಮೂರು ತುಂಡು ಮಾಡುವುದು. ವರ್ಷಕ್ಕೆ ನಾಲ್ಕು ಅಂಕೆ, ಉಳಿದ ಎರಡಕ್ಕೆ ಎರಡೆರಡು ಅಂಕೆ ಇದೆಯೇ ಅಂತ ನೋಡುವುದು. ಆಮೇಲೆ ವರ್ಷ-ತಿಂಗಳು-ದಿನ ಅಂತ ಅಡ್ಡ ಗೆರೆಯಲ್ಲಿ ಜೋಡಿಸಿ ಡೇಟ್‌ಗೆ ಕೊಡುವುದು. ಆ ಕ್ರಮವನ್ನು ಅದು ಎರಡು ರೀತಿ ಓದುವುದಿಲ್ಲ. ಹೊಂದದ ಸಾಲು ಬಂದರೆ ಬೇರೆ ಫೈಲಿಗೆ ಹಾಕಿ ಸೆಕ್ರೆಟ್ರಿಗೆ ತಿಳಿಸುವುದು. ಊಹೆ ಮಾಡುವುದಿಲ್ಲ.

ಮ್ಯಾಕ್‌ನಲ್ಲಿ ಇರುವ ಡೇಟ್ ಬೇರೆ ಮನೆತನದ್ದು. ಅಲ್ಲಿ ಮೈನಸ್ ಜೆ, ಮೈನಸ್ ಎಫ್ ಕೊಟ್ಟು ಬರುವ ತಾರೀಕಿನ ಕ್ರಮ ಇಂಥದ್ದು ಅಂತ ಮೊದಲೇ ಹೇಳಬಹುದು. ಲಿನಕ್ಸಿನ ಡೇಟ್‌ಗೆ ಆ ಸೌಕರ್ಯ ಇಲ್ಲ, ಅಲ್ಲಿ ಮೈನಸ್ ಎಫ್ ಅಂದರೆ ಫೈಲಿನಿಂದ ತಾರೀಕು ಓದು ಅಂತ ಅರ್ಥ. ಅದಕ್ಕೇ ನಾವೇ ಕತ್ತರಿಸಿ ಜೋಡಿಸಬೇಕು.

ಎಂಟು, ಒಂಬತ್ತು, ಮತ್ತು ಮಲಯಾಳದ ತಿಂಗಳು

ಹೊಸ ಸ್ಕ್ರಿಪ್ಟನ್ನು ಓಡಿಸುವ ಮೊದಲು ಅಕ್ಕನ ಕ್ಯಾಲೆಂಡರಿನ ಜೂನ್ ಪುಟವನ್ನು ಹೊಸ ಮಿಷನ್ ಕೊಡುವ ರೂಪದಲ್ಲಿ ಬರೆದು ಪರೀಕ್ಷೆ ಮಾಡಿದೆವು. 7ರವರೆಗೆ ಚೆನ್ನಾಗಿ ಓಡಿತು. 8ಕ್ಕೆ ನಿಂತಿತು.

ದಿನ 10ರ ಒಳಗಿದೆಯೇ, 20ರ ಒಳಗಿದೆಯೇ ಅಂತ ನೋಡಿ ಬಿಲ್ಲು ಆರಿಸುವ ಲೆಕ್ಕ ಅದು. ಕತ್ತರಿಸಿದ ದಿನ 08 ಅಂತ ಬರುತ್ತದೆ. ಬ್ಯಾಷ್ ಲೆಕ್ಕ ಮಾಡುವಾಗ ಮುಂದೆ ಸೊನ್ನೆ ಇರುವ ಸಂಖ್ಯೆಯನ್ನು ಎಂಟರ ಪದ್ಧತಿಯದ್ದು ಅಂತ ತಿಳಿಯುತ್ತದೆ. ಆ ಪದ್ಧತಿಯಲ್ಲಿ 8 ಮತ್ತು 9 ಅನ್ನುವ ಅಂಕೆಗಳೇ ಇಲ್ಲ. 01ರಿಂದ 07ರವರೆಗೆ ಎರಡೂ ಪದ್ಧತಿಯಲ್ಲಿ ಒಂದೇ ಬೆಲೆ, 10ರ ಮುಂದೆ ಸೊನ್ನೆ ಇಲ್ಲ. ಹಾಗಾಗಿ ತಿಂಗಳಲ್ಲಿ ಎರಡೇ ದಿನ ತೊಂದರೆ. ಸಂಖ್ಯೆಯ ಮುಂದೆ 10# ಸೇರಿಸಿ ‘ಇದು ಹತ್ತರ ಪದ್ಧತಿಯದ್ದು’ ಅಂತ ಹೇಳಿದರೆ ಸರಿಯಾಗುತ್ತದೆ. ತಿಂಗಳಿನ ಲೆಕ್ಕ ಇದ್ದರೆ ಆಗಸ್ಟ್, ಸೆಪ್ಟೆಂಬರಿನಲ್ಲಿ ಇದೇ ಕಾಡುತ್ತದೆ. ಈ ಸಲ ಪರೀಕ್ಷೆಯಲ್ಲೇ ಸಿಕ್ಕಿತು.

ಇನ್ನೊಂದು ತೊಂದರೆ ನಮ್ಮ ನೆಲದ್ದೇ. ಕಾಸರಗೋಡು 1956ರ ನವೆಂಬರ್ 1ರಿಂದ ಕೇರಳದಲ್ಲಿದೆ. ಮನೆಯಲ್ಲಿ ತುಳುವೋ ಕನ್ನಡವೋ ಇದ್ದರೂ ಆಫೀಸಿನ ಕಾಗದಪತ್ರ ಹೆಚ್ಚಾಗಿ ಮಲಯಾಳದ್ದು. ಸಿಡಿಲಿನ ನಂತರ ಹೊಸ ಕಂಪ್ಯೂಟರ್ ಕೂರಿಸಿದವರು ಅದರ ಭಾಷೆಯನ್ನು ಮಲಯಾಳಕ್ಕೆ ಇಟ್ಟಿದ್ದರು. ಅದರಲ್ಲಿ ತಪ್ಪೇನಿಲ್ಲ, ಸೆಕ್ರೆಟ್ರಿಗೆ ಓದಲು ಅದೇ ಸುಲಭ. ಆದರೆ ನಮ್ಮ ಒಂದು ಸ್ಕ್ರಿಪ್ಟ್ ತಿಂಗಳಿನ ಹೆಸರು ಅಕ್ಷರದಲ್ಲಿ ಬರೆಯುತ್ತಿತ್ತು, ಇನ್ನೊಂದು ಅದನ್ನು ಓದಿ ತಿರುಗಿಸುತ್ತಿತ್ತು. ಡೇಟ್ ಕಮಾಂಡ್ ತಿಂಗಳಿನ ಹೆಸರನ್ನು ಮಲಯಾಳದಲ್ಲೂ ಬರೆಯಬಲ್ಲದು, ಕನ್ನಡದಲ್ಲೂ ಬರೆಯಬಲ್ಲದು. ಓದುವುದು ಮಾತ್ರ ಇಂಗ್ಲಿಷ್ ಹೆಸರನ್ನು. ತಾನೇ ಬರೆದದ್ದನ್ನು ತಾನೇ ಓದಲಾಗದೆ ನಿಂತಿತು.

ಕಂಪ್ಯೂಟರಿನ ಭಾಷೆ ಬದಲಾಯಿಸುವುದು ಬೇಡ ಅಂತ ನಾನು ಹಠ ಹಿಡಿದೆ. ಜನ ಓದುವುದು ಜನರ ಭಾಷೆಯಲ್ಲೇ ಇರಲಿ. ಸ್ಕ್ರಿಪ್ಟಿಂದ ಸ್ಕ್ರಿಪ್ಟಿಗೆ ಹೋಗುವ ತಾರೀಕಿನಲ್ಲಿ ಅಂಕೆ ಮಾತ್ರ ಇಟ್ಟೆವು, ತಿಂಗಳಿನ ಹೆಸರು ತೆಗೆದೆವು. ಜೊತೆಗೆ ಸ್ಕ್ರಿಪ್ಟಿನ ಮೊದಲ ಸಾಲುಗಳಲ್ಲಿ ಭಾಷೆ ಯಾವುದು ಅಂತ ಹೇಳುವ ಎಲ್‌ಸಿ-ಆಲ್ ವೇರಿಯಬಲ್‌ಗೆ ಸಿ (ಯಾವ ನಾಡಿನದ್ದೂ ಅಲ್ಲದ ಮೂಲ ಕ್ರಮ) ಅಂತ ಕೊಟ್ಟೆವು. ಆಗ ಸುತ್ತಲಿನ ಭಾಷೆ ಯಾವುದಿದ್ದರೂ ಸ್ಕ್ರಿಪ್ಟಿನ ಒಳಗೆ ಒಂದೇ. ಚೀಟಿ ಅಚ್ಚಾಗುವ ಕೊನೆಯ ಹೆಜ್ಜೆಯಲ್ಲಿ ಮಾತ್ರ ಕನ್ನಡ, ಮಲಯಾಳ ಎರಡರಲ್ಲೂ ತಿಂಗಳಿನ ಹೆಸರು ಬರುತ್ತದೆ. ಸದಸ್ಯರಿಗೆ ಅದು ತುಂಬ ಹಿಡಿಸಿತು.

ಈಗ

ಸ್ಕ್ರಿಪ್ಟಿನ ಜೊತೆ ಒಂದು ಸಣ್ಣ ಪರೀಕ್ಷೆಯ ಫೈಲು ಇದೆ. ಅದರಲ್ಲಿರುವ ಸಾಲುಗಳೆಲ್ಲ ನಿಜವಾಗಿ ನಮ್ಮನ್ನು ಕಾಡಿದವು: ಜೂನ್ 5ರ 5:20:14, ಸರಿಯಾಗಿ 5:30, 01/11, 8 ಮತ್ತು 9ನೇ ತಾರೀಕು, ಖಾಲಿ ಸಾಲು. ಸ್ಕ್ರಿಪ್ಟಿನಲ್ಲಿ ಒಂದಕ್ಷರ ಬದಲಾದರೂ ಹುಡುಗ ಮೊದಲು ಅದನ್ನು ಓಡಿಸುತ್ತಾನೆ. ತಿಂಗಳ ಕೊನೆಗೆ ಸೆಕ್ರೆಟ್ರಿ ಅಕ್ಕನ ಕ್ಯಾಲೆಂಡರಿನ ಫೋಟೊ ತೆಗೆದು ತರುತ್ತಾರೆ. ಸರ್ವರ್‌ನ ಪಟ್ಟಿಯ ಪಕ್ಕ ಇಟ್ಟು ನೋಡುತ್ತೇವೆ.

ಡಿಸೆಂಬರಿನ ಪುಟದಲ್ಲಿ 11ನೇ ತಾರೀಕಿನ ಚೌಕದ ಮೇಲ್ಭಾಗದಲ್ಲಿ 4.5 ಅಂತ ಇತ್ತು. ಸರ್ವರ್‌ನಲ್ಲಿ 11ನೇ ತಾರೀಕು, ಬೆಳಗ್ಗೆ 5:19, 4.5 ಲೀಟರ್.